ಗರಡಿಯ ಕಟ್ಟೆಯ ಮೇಲೆ ಕುಳಿತ ಮಗು



ಶ್ರಾವಣ ಬಂದಿತೆಂದರೆ ನಮ್ಮ ಮುಧೋಳ ಸೀಮೆಯ ಹಳ್ಳಿಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಪುರಾಣ ಮಂಗಲಗೊಂಡು ಜಾತ್ರೆ ಬಂದಾಗ ಊರ ಹೊರಗೆ ಕೆಮ್ಮಣ್ಣು ಹದಗೊಳಿಸಿ ಕುಸ್ತಿಯ ಕಣ ಕಟ್ಟುತ್ತಾರೆ. ಗುಡಿಯ ಮುಂದೆ ಸಂಗ್ರಾಣಿ ಕಲ್ಲು ಎತ್ತುವವರ ಸುತ್ತ ಜನ ನೆರೆಯುತ್ತಾರೆ. ಘಟಪ್ರಭೆಯ ನೀರು, ಬಿಳಿಜೋಳದ ರೊಟ್ಟಿ, ಗರಡಿಯ ಮಣ್ಣು ಇವುಗಳಿಂದ ಬೆಳೆದ ಸೀಮೆಯಿದು. ಗದಾಯುದ್ಧವನ್ನು ಕಾವ್ಯವಾಗಿಸಿದ ರನ್ನನು ಬಳೆಗಾರರ ಮನೆಯಲ್ಲಿ ಜನಿಸಿದ್ದೂ ಇಲ್ಲಿಯೇ. ಆದ್ದರಿಂದ ದೇಹಬಲದ ಮಹಿಮೆಯನ್ನು ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಾದುದಿಲ್ಲ. ಈ ತಿಂಗಳು ನಾವು ಬರೆಯಹೊರಟಿರುವುದು ಆ ಕಣದ ಅಂಚಿನಲ್ಲಿ, ಗರಡಿಯ ಕಟ್ಟೆಯ ಮೇಲೆ, ನೋಡುತ್ತ ಕುಳಿತೇ ಉಳಿದುಹೋದ ಮಕ್ಕಳನ್ನು ಕುರಿತು. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಮಠದ ವಿದ್ಯಾಭ್ಯಾಸ ಮುಗಿಸಿ ಪ್ರವಚನಕ್ಕೆಂದು ಊರೂರು ತಿರುಗುತ್ತಿದ್ದ ಕಾಲ. ಮುಧೋಳದ ಸಮೀಪದ ಒಂದು ಹಳ್ಳಿಯಲ್ಲಿ ಪ್ರವಚನ ನಡೆದಿತ್ತು. ಒಬ್ಬ ರೈತರು ತಮ್ಮ ಏಳೆಂಟು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮೆದುರು ಕೂರಿಸಿದರು. ಪೋಲಿಯೊ ತಗುಲಿ ಬಾಲಕನ ಬಲಗಾಲು ಸಣ್ಣದಾಗಿ ಸೊರಗಿತ್ತು. ಕಣ್ಣುಗಳು ಮಾತ್ರ ಚುರುಕು. ಊರಿನ ಶಾಲೆ ಮುಗಿದ ಮೇಲೆ ಇವನನ್ನು ಪಟ್ಟಣದ ಶಾಲೆಗೆ ಕಳುಹಿಸಬಹುದೇ, ಹುಡುಗರೊಡನೆ ಗರಡಿಗೆ ಬಿಡಬಹುದೇ, ಎಂದು ತಂದೆ ಕೇಳಿದರು. ನಾವು ಪೂರ್ವಾರ್ಜಿತದ ಮಾತನ್ನಾಡಿದೆವು. ಬಂದದ್ದನ್ನು ಭೋಗಿಸಬೇಕು, ಮಗುವನ್ನು ದಣಿಸಬೇಡಿರಿ, ಮನೆಯಲ್ಲಿಟ್ಟುಕೊಂಡು ಸೇವೆ ಮಾಡಿರಿ, ಅದೇ ನಿಮಗೆ ಪೂಜೆ ಎಂದೆವು. ಆ ತಂದೆ ಕೈಮುಗಿದು, ಮಗನನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದರು. ಕರುಣೆಯ ಮಾತನ್ನಾಡಿದೆವೆಂಬ ಸಮಾಧಾನದಿಂದ ನಾವು ಅಂದು ಮಲಗಿದೆವು.

2012ರ ಸೆಪ್ಟೆಂಬರ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತು. ಹಾಸನ ಜಿಲ್ಲೆಯ ಅರಕಲಗೂಡು ತಾಲೂಕಿನ ರೈತ ಕುಟುಂಬದ ತರುಣ ಎಚ್.ಎನ್. ಗಿರೀಶ ಎಂಬವರು ಲಂಡನ್ನಿನ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕ ಪಡೆದರೆಂಬುದು ಆ ಸುದ್ದಿ. ಹುಟ್ಟಿನಿಂದಲೇ ಎಡಗಾಲು ಊನವಾಗಿದ್ದ ಅವರು 1.74 ಮೀಟರ್ ಎತ್ತರದ ಅಡ್ಡಗೋಲನ್ನು ದಾಟಿದ್ದರು. ಸಾಧಾರಣ ಗೃಹಸ್ಥನ ಎತ್ತರಕ್ಕಿಂತ ಅದು ಹೆಚ್ಚೇ ಇದ್ದೀತು. ಫಿಜಿ ದ್ವೀಪದ ಇಲಿಯೆಸಾ ಡೆಲಾನಾ ಮತ್ತು ಪೋಲೆಂಡಿನ ಸ್ಪರ್ಧಿ ಸಹ ಅಷ್ಟೇ ಎತ್ತರ ಜಿಗಿದರು. ಯಾರು ಎಷ್ಟು ಬಾರಿ ತಪ್ಪಿದರೆಂಬುದನ್ನು ಎಣಿಸಿ ಸ್ಥಾನ ನಿರ್ಣಯಿಸಬೇಕಾಯಿತು. ಆ ವರ್ಷ ಭಾರತದಿಂದ ಹೋಗಿದ್ದವರು 10 ಮಂದಿ; ದೇಶಕ್ಕೆ ದೊರೆತದ್ದು ಈ ಒಂದೇ ಪದಕ. ಮರುವರ್ಷ, 2013ರಲ್ಲಿ, ಕೇಂದ್ರ ಸರಕಾರವು ಗಿರೀಶರಿಗೆ ಪದ್ಮಶ್ರೀ ನೀಡಿತು.

ಆ ವಾರ್ತೆಯನ್ನು ಓದಿದಾಗ ಹೆಗಲ ಮೇಲೆ ಬಂದಿದ್ದ ಆ ಬಾಲಕ ನೆನಪಾದನು. ಒಂದು ದಿನ ಆ ಊರಿಗೇ ಹೋದೆವು. ತಂದೆ ಲಿಂಗೈಕ್ಯರಾಗಿದ್ದರು. ಬಾಲಕನು ಮೂವತ್ತರ ಅಂಚಿನ ಗೃಹಸ್ಥನಾಗಿ ಮನೆಯ ಪಡಸಾಲೆಯಲ್ಲಿ ಪಂಪುಸೆಟ್ಟಿನ ಮೋಟಾರು ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದನು. ದುಡಿಮೆ ಇತ್ತು, ಊರಲ್ಲಿ ಗೌರವವಿತ್ತು. ನಾವು ಗಿರೀಶರ ಸುದ್ದಿಯನ್ನು ಹೇಳಿದಾಗ ಆತನು ಕೈ ನಿಲ್ಲಿಸಿ ಪೂರ್ತಿ ಕೇಳಿದನು. ಅನಂತರ ಹೀಗೆಂದನು: "ಸಂಜೀಕ ಗರಡಿ ಕಟ್ಟಿ ಮ್ಯಾಲ ಕುಂತು ನೋಡತಿದ್ದೆರಿ. ಯಾವ ಪಟ್ಟು ಹ್ಯಾಂಗ ಬೀಳತೈತಿ ಅಂತ ಎಲ್ಲಾ ಗೊತ್ತಿತ್ತು. ಅಂದ ನೀವು ಒಂದ ಮಾತು ಹೂಂ ಅಂದಿದ್ರ ನಮ್ಮಪ್ಪ ನನ್ನ ಸಾಲಿಗೆ ಕಳಸತಿದ್ದ, ಶಾಸ್ತ್ರಿಗಳ." ಅದರಲ್ಲಿ ಸಿಟ್ಟು ಇರಲಿಲ್ಲ. ಆದ್ದರಿಂದಲೇ ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಂದಿನಿಂದ ನಾವು ಈ ಕ್ರೀಡಾಪಟುಗಳ ಚರಿತ್ರೆಯನ್ನು ಸಾಧ್ಯವಾದಷ್ಟು ಓದುತ್ತ, ತಿಳಿದವರನ್ನು ಕೇಳುತ್ತ ಬಂದಿದ್ದೇವೆ. ಪದಕ ಗೆದ್ದವರ ಕಥೆಗಳು ಬಹಳ ಇವೆ. ಆದರೆ ಒಬ್ಬರ ಗೆಲುವು ಇನ್ನೊಬ್ಬರಿಗೆ ಹೇಗೆ ದಾರಿಯಾಗುತ್ತದೆ, ಕೆಲವೊಮ್ಮೆ ಏಕೆ ಆಗುವುದಿಲ್ಲ, ಎಂಬ ಪ್ರಶ್ನೆಯೇ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿತು. ಅದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲಿಗೆ ಈ ಕೂಟದ ಮೂಲ. ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದಿ ವೈದ್ಯರು ಹಿಟ್ಲರನ ಆಳ್ವಿಕೆಯಿಂದ ಪಾರಾಗಿ 1939ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರನ್ನು ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಅವರ ವಶಕ್ಕೆ ಕೊಡಲಾಯಿತು. ಅಂತಹವರು ಹೆಚ್ಚು ಕಾಲ ಬದುಕಲಾರರು, ಹಾಸಿಗೆಯಲ್ಲಿ ನೆಮ್ಮದಿಯಾಗಿಟ್ಟರೆ ಸಾಕು ಎಂಬುದು ಅಂದಿನ ವೈದ್ಯಲೋಕದ ಸಾಮಾನ್ಯ ನಂಬಿಕೆ. ಗುಟ್‌ಮನ್ನರು ಅದನ್ನು ಒಪ್ಪದೆ ಅವರನ್ನು ಏಳಿಸಿ ಕೂರಿಸಿದರು, ಕೈಗೆ ಕೆಲಸ ಕೊಟ್ಟರು, ಆಟ ಕಲಿಸಿದರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ತಮ್ಮ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯಿಂದ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಆ ಸಣ್ಣ ಪಂದ್ಯವೇ ಬೆಳೆದು 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ 400 ಮಂದಿ ಸೇರಿದ ಕೂಟವಾಯಿತು. ನಾವು ಇಂದು ಪ್ಯಾರಾಲಿಂಪಿಕ್ಸ್ ಎಂದು ಕರೆಯುವ ಕೂಟಗಳ ಎಣಿಕೆ ಅಲ್ಲಿಂದ ಆರಂಭ. ಸೇವೆ ಮಾಡಿರಿ ಎಂದು ನಾವು ಹೇಳಿದ ಆ ಮಾತು, ಗುಟ್‌ಮನ್ನರು ಒಪ್ಪದೆ ಬಿಟ್ಟ ಮಾತೇ ಆಗಿತ್ತೆಂಬುದು ಇದನ್ನು ಓದಿದಾಗ ನಮಗೆ ಅರಿವಾಯಿತು.

ಈ ಕೂಟದಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ನಮ್ಮ ನೆರೆಯವರೇ. ಗಡಿಯಾಚೆಯ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟಕರ ಅವರು ಬಾಲ್ಯದಲ್ಲಿ ಕುಸ್ತಿಯ ಮಣ್ಣಿನಲ್ಲಿ ಆಡಿದವರು. ಸೈನ್ಯ ಸೇರಿ ಮುಷ್ಟಿಯುದ್ಧದಲ್ಲಿ ಹೆಸರು ಮಾಡಿದವರು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ ಕಾಲುಗಳ ಬಲ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರಾದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ 50 ಮೀಟರ್ ದೂರವನ್ನು 37.33 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ಆದರೆ ಅನಂತರ ಏನಾಯಿತು? ಭಾರತಕ್ಕೆ ಎರಡನೆಯ ಚಿನ್ನ ಬಂದದ್ದು 2004ರಲ್ಲಿ, ರಾಜಸ್ಥಾನದ ದೇವೇಂದ್ರ ಝಾಝರಿಯಾ ಅವರ ಈಟಿಯಿಂದ. ನಡುವೆ 32 ವರ್ಷ. ಪೇಟಕರರಿಗೆ ಪದ್ಮಶ್ರೀ ದೊರೆತದ್ದು 2018ರಲ್ಲಿ, ಗೆದ್ದ 46 ವರ್ಷಗಳ ಮೇಲೆ.

ಇದು ವಿಕಲಚೇತನರ ಕೂಟಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಅವರು 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳ ಆಸುಪಾಸಿನಲ್ಲಿ ಓಡಿ 19ನೆಯವರಾಗಿ ಮುಗಿಸಿದರು. ನೂರು ವರ್ಷಗಳ ಹಿಂದೆ ನಮ್ಮ ಗಡಿನಾಡಿನ ತರುಣನೊಬ್ಬ ಜಗತ್ತಿನೊಡನೆ ಓಡಿದ್ದನೆಂಬುದು ಇಂದು ಎಷ್ಟು ಮನೆಗಳಲ್ಲಿ ತಿಳಿದಿದೆ? ನಮ್ಮ ಜಮಖಂಡಿ ತಾಲೂಕನ್ನು ತಾಗಿ ಹರಿಯುವ ಕೃಷ್ಣೆಯ ಮೇಲುದಂಡೆಯ ಕರಾಡ ಸೀಮೆಯವರು ಖಾಶಾಬಾ ಜಾಧವ್. 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಕುಸ್ತಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಅವರ ಪ್ರಯಾಣದ ವೆಚ್ಚಕ್ಕೆ ಊರವರು ಹಣ ಕೂಡಿಸಿದರು. ಕೊಲ್ಹಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಾಚಾರ್ಯರು ಸ್ವಂತ ಮನೆಯನ್ನು ಒತ್ತೆಯಿಟ್ಟರು. ಅಂತಹ ತ್ಯಾಗದಿಂದ ಬಂದ ಪದಕದ ನಂತರ ಇನ್ನೊಂದು ವೈಯಕ್ತಿಕ ಪದಕಕ್ಕೆ ದೇಶವು 1996ರವರೆಗೆ, 44 ವರ್ಷ ಕಾಯಬೇಕಾಯಿತು. ಕುಸ್ತಿಯಲ್ಲಂತೂ 2008ರವರೆಗೆ ಕಾಯಬೇಕಾಯಿತು.

ಇದರಿಂದ ತಿಳಿಯುವುದೇನು? ಪದಕವು ತಾನಾಗಿಯೇ ಪರಂಪರೆಯಾಗುವುದಿಲ್ಲ. ಬೀಜ ಎಷ್ಟು ಉತ್ತಮವಾಗಿದ್ದರೂ ಮುಂದಿನ ಹಂಗಾಮಿಗೆ ಹೊಲವನ್ನು ಹರಗಿ ಹದಮಾಡುವವರು ಬೇಕು. ಗೆದ್ದವನನ್ನು ತೆರೆದ ಜೀಪಿನಲ್ಲಿ ಮೆರೆಸಿ, ಶಾಲು ಹೊದಿಸಿ, ಮರೆತುಬಿಟ್ಟರೆ ಅವನ ಗೆಲುವು ಅವನೊಡನೆಯೇ ಮುಗಿಯುತ್ತದೆ.

ಹದಮಾಡುವವರು ದೊರೆತರೆ ಏನಾಗುತ್ತದೆ ಎಂಬುದಕ್ಕೆ ಗಿರೀಶರ ನಂತರದ ಕಥೆಯೇ ನಿದರ್ಶನ. ಲಂಡನ್ನಿನ ನಾಲ್ಕು ವರ್ಷಗಳ ಮೇಲೆ, 2016ರಲ್ಲಿ, ರಿಯೊ ನಗರದ ಕೂಟದಲ್ಲಿ ಅದೇ ಎತ್ತರ ಜಿಗಿತದಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು 1.89 ಮೀಟರ್ ಜಿಗಿದು ಚಿನ್ನ ಗೆದ್ದರು. ಉತ್ತರಪ್ರದೇಶದ ವರುಣ್ ಸಿಂಗ್ ಭಾಟಿ ಕಂಚು ಪಡೆದರು. ಮಾರಿಯಪ್ಪನ್ನರು ಐದು ವರ್ಷದ ಬಾಲಕನಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಸ್ಸು ಹಾಯ್ದು ಬಲಗಾಲು ಊನವಾಯಿತು. ತಾಯಿ ತರಕಾರಿ ಮಾರಿ ಮಕ್ಕಳನ್ನು ಸಾಕಿದರು. ಆ ತರುಣನು ಸಿದ್ಧನಾದದ್ದು ನಮ್ಮ ಬೆಂಗಳೂರಿನಲ್ಲಿ, ತರಬೇತುದಾರ ಸತ್ಯನಾರಾಯಣ ಅವರ ಕೈಯಲ್ಲಿ. ಮುಂದೆ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾರಿಯಪ್ಪನ್ನರಿಗೆ ಬೆಳ್ಳಿ, ಬಿಹಾರದ ಶರದ್ ಕುಮಾರರಿಗೆ ಕಂಚು. 2024ರ ಪ್ಯಾರಿಸ್ ಕೂಟದಲ್ಲಿ ಶರದ್ ಕುಮಾರರಿಗೆ ಬೆಳ್ಳಿ, ಮಾರಿಯಪ್ಪನ್ನರಿಗೆ ಕಂಚು. ಹಾಸನ ಜಿಲ್ಲೆಯ ಒಂದು ಹಳ್ಳಿಯ ಹುಡುಗ 2012ರಲ್ಲಿ ದಾಟಿದ ಆ ಅಡ್ಡಗೋಲನ್ನು ಭಾರತೀಯರು ಅನಂತರ ಒಂದು ಕೂಟದಲ್ಲಿಯೂ ಬರಿಗೈಯಲ್ಲಿ ಬಿಟ್ಟು ಬಂದಿಲ್ಲ. ಇದನ್ನು ನಾವು ಪರಂಪರೆ ಎನ್ನುತ್ತೇವೆ.

ಒಟ್ಟು ಲೆಕ್ಕವನ್ನೂ ನೋಡಿರಿ. ಲಂಡನ್ನಿನಲ್ಲಿ ಭಾರತಕ್ಕೆ 1 ಪದಕ. ರಿಯೊದಲ್ಲಿ 4. ಟೋಕಿಯೊದಲ್ಲಿ 54 ಮಂದಿ ಹೋಗಿ 19 ಪದಕ ತಂದರು. ಪ್ಯಾರಿಸ್‌ನಲ್ಲಿ 84 ಮಂದಿ ಹೋಗಿ 29 ಪದಕ ತಂದರು, ಅದರಲ್ಲಿ 7 ಚಿನ್ನ. ಹನ್ನೆರಡು ವರ್ಷಗಳಲ್ಲಿ ದೇಶದ ಅಂಗವಿಕಲರ ಸ್ನಾಯುಬಲವೇನೂ ಬದಲಾಗಲಿಲ್ಲ. ಬದಲಾದದ್ದು ಅವರಿಗೆ ದೊರೆತ ಮೈದಾನ, ಗುರು, ಉಪಕರಣ, ಆಹಾರ, ಮತ್ತು ಅವರನ್ನು ಮನೆಯಿಂದ ಹೊರಗೆ ಕರೆತರುವ ತಂದೆತಾಯಂದಿರ ಧೈರ್ಯ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಾಲಿಲ್ಲ, ಇವರಲ್ಲಿ ಸ್ಪರ್ಧೆ ಹೇಗೆ ನ್ಯಾಯವಾದೀತು ಎಂದು. ಅದಕ್ಕಾಗಿಯೇ ಕ್ರೀಡಾಪಟುಗಳನ್ನು ವೈದ್ಯರೂ ಕ್ರೀಡಾತಜ್ಞರೂ ಪರೀಕ್ಷಿಸಿ, ಊನದ ಬಗೆ ಮತ್ತು ಪ್ರಮಾಣಕ್ಕೆ ತಕ್ಕಂತೆ ವರ್ಗಗಳನ್ನು ಮಾಡುತ್ತಾರೆ. ಕುಸ್ತಿಯಲ್ಲಿ ತೂಕದ ವರ್ಗಗಳಿರುವಂತೆಯೇ ಇದೂ. ಸಂಪೂರ್ಣ ಅಂಧರ ಓಟದ ನಿಯಮಗಳು ನಮಗೆ ಬಹಳ ಹಿಡಿಸಿದವು. ಅಲ್ಲಿ ಓಡುವವರೆಲ್ಲರೂ ಕಣ್ಣಿಗೆ ಪಟ್ಟಿ ಧರಿಸಬೇಕು. ಅಲ್ಪಸ್ವಲ್ಪ ಬೆಳಕು ಕಾಣುವವನಿಗೂ ಹೆಚ್ಚಿನ ಅನುಕೂಲವಾಗಬಾರದು. ಜೊತೆಗೊಬ್ಬ ಮಾರ್ಗದರ್ಶಕ ಓಡುತ್ತಾನೆ. ಇಬ್ಬರ ಕೈಗಳ ನಡುವೆ ಒಂದು ಗೇಣಿನಂತಹ ಸಣ್ಣ ಹಗ್ಗ. ಮಾರ್ಗದರ್ಶಕನು ಓಟಗಾರನನ್ನು ಎಳೆಯುವಂತಿಲ್ಲ, ನೂಕುವಂತಿಲ್ಲ. ಗೆಲುವಿನ ಗೆರೆಯನ್ನು ಅಂಧ ಓಟಗಾರನೇ ಮೊದಲು ದಾಟಬೇಕು. ಮಾರ್ಗದರ್ಶಕ ಹಿಂದಿನಿಂದ ದಾಟಬೇಕು. ಗುರುವಾದವನ ಸ್ಥಾನವನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ನಿಯಮವನ್ನು ನಾವು ಬೇರೆಡೆ ಕಂಡಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಈ ಹಗ್ಗ ಹಿಡಿದು ಓಡಿದವರು. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದ ಅಂಧ ಬಾಲಕಿ. ತರಬೇತುದಾರ ರಾಹುಲ್ ಬಾಲಕೃಷ್ಣ ಅವರೇ ಮಾರ್ಗದರ್ಶಕರಾಗಿ ಜೊತೆಗೆ ಓಡಿದರು. 2018ರಲ್ಲಿ ಜಕಾರ್ತಾದಲ್ಲಿಯೂ, 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿಯೂ ಏಷ್ಯಾದ ವಿಕಲಚೇತನರ ಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಕೂಟದಲ್ಲಿ ಓಡಿದರು. ಹೆಣ್ಣುಮಗು, ಅದರಲ್ಲಿಯೂ ಕಣ್ಣಿಲ್ಲದ್ದು, ಎಂದು ಆ ಅಜ್ಜಿಯು ಬಾಗಿಲು ಮುಚ್ಚಿಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಇಂತಹವರು ಇನ್ನೂ ಇದ್ದಾರೆ. ಬೆಂಗಳೂರಿನ ಮಾಲತಿ ಹೊಳ್ಳ ಅವರು ವರ್ಷದ ಕೂಸಾಗಿದ್ದಾಗ ಜ್ವರ ಬಂದು ದೇಹ ನಿಶ್ಚೇಷ್ಟಿತವಾಯಿತು. ಬಾಲ್ಯದ ಬಹುಭಾಗ ಮದ್ರಾಸಿನ ಚಿಕಿತ್ಸಾಕೇಂದ್ರದಲ್ಲಿ ಕಳೆಯಿತು. ಶಸ್ತ್ರಚಿಕಿತ್ಸೆಗಳಾದದ್ದು ಮೂವತ್ತಕ್ಕೂ ಹೆಚ್ಚು. ಗಾಲಿಕುರ್ಚಿಯಲ್ಲಿ ಕುಳಿತೇ ಓಟ, ಗುಂಡು ಎಸೆತ, ಈಟಿ ಎಸೆತಗಳಲ್ಲಿ ದೇಶವಿದೇಶಗಳಲ್ಲಿ ನೂರಾರು ಪದಕ ಪಡೆದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಅವರು ಅಲ್ಲಿಗೇ ನಿಲ್ಲದೆ, ಬ್ಯಾಂಕಿನ ನೌಕರಿಯ ಜೊತೆಗೇ 'ಮಾತೃ' ಎಂಬ ಸಂಸ್ಥೆಯನ್ನು ಕಟ್ಟಿ, ಅಂಗವಿಕಲ ಮಕ್ಕಳಿಗೆ ಆಶ್ರಯವಿತ್ತು ಓದಿಸಿದರು. ತಾನು ಏರಿದ ಏಣಿಯನ್ನು ಹಿಂದೆ ಬರುವವರಿಗಾಗಿ ಹಿಡಿದು ನಿಂತ ತಾಯಿ ಅವರು.

ಹಾಸನದಲ್ಲಿ ಜನಿಸಿದ ಸುಹಾಸ್ ಯತಿರಾಜ್ ಅವರ ಕಾಲಿನ ಹರಡು ಹುಟ್ಟಿನಿಂದಲೇ ಊನ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾಗಿ, ಉತ್ತರಪ್ರದೇಶದಲ್ಲಿ ಜಿಲ್ಲಾಧಿಕಾರಿಯ ಹೊಣೆ ಹೊತ್ತಿರುವಾಗಲೇ ಟೋಕಿಯೊ ಕೂಟದ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿ ಪಡೆದರು. ಪ್ಯಾರಿಸ್‌ನಲ್ಲಿ ಮತ್ತೆ ಬೆಳ್ಳಿ. ಬೆಂಗಳೂರಿನ ಫರ್ಮಾನ್ ಬಾಷಾ ಅವರಿಗೆ ಬಾಲ್ಯದಲ್ಲಿ ಪೋಲಿಯೊ. ಮಲಗಿಕೊಂಡು ಎದೆಯ ಮೇಲಿನಿಂದ ಭಾರವೆತ್ತುವ ಸ್ಪರ್ಧೆಯಲ್ಲಿ ಅವರು ದೇಶವನ್ನು ಹಲವು ಬಾರಿ ಪ್ರತಿನಿಧಿಸಿ, ರಿಯೊದಲ್ಲಿ ನಾಲ್ಕನೆಯ ಸ್ಥಾನದವರೆಗೆ ಬಂದರು. ಸಂಗ್ರಾಣಿ ಕಲ್ಲು ಎತ್ತುವ ನಮ್ಮ ಸೀಮೆಯವರಿಗೆ ಈ ಆಟ ತೀರ ಅಪರಿಚಿತವೆನಿಸಲಾರದು. ಕಾಲಿಗೆ ಬಲವಿಲ್ಲದ ಹುಡುಗನ ತೋಳುಗಳಲ್ಲಿ ಎಷ್ಟು ಬಲವಿದೆಯೆಂದು ನಮ್ಮ ಜಾತ್ರೆಗಳಲ್ಲಿ ಯಾರಾದರೂ ನೋಡಿದ್ದುಂಟೇ?

ಹೀಗೆ ಕೇಳುವಾಗ ನಮ್ಮ ಸಮಾಜವು ಈ ವಿಷಯದಲ್ಲಿ ಏನನ್ನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮಾಡಿದ್ದುಂಟು, ಅದೂ ಗುಟ್‌ಮನ್ನರಿಗಿಂತ ಬಹಳ ಮೊದಲೇ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲ ಕುಮಾರ ಸ್ವಾಮಿಗಳವರು ಆ ಬಾಲಕನ ಕಂಠವನ್ನು ಕೇಳಿ, ಅವನಿಗೆ ಆಶ್ರಯ ಕೊಟ್ಟು ಸುಮ್ಮನಾಗದೆ, ಗುರುಗಳ ಬಳಿ ಸಂಗೀತವನ್ನು ಕಲಿಸಿದರು. ಕಲಿತ ಪಂಚಾಕ್ಷರಿ ಗವಾಯಿಗಳು ಇನ್ನೊಬ್ಬ ಅಂಧ ಬಾಲಕನನ್ನು ಕರೆದು ಕಲಿಸಿದರು. ಆತನೇ ಮುಂದೆ ಪುಟ್ಟರಾಜ ಗವಾಯಿಗಳೆಂದು ನಾಡೆಲ್ಲ ಕೈಮುಗಿದ ಮಹಾನುಭಾವರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ 2010ರವರೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿ, ಅಂಧರೂ ಅನಾಥರೂ ಆದ ಅಸಂಖ್ಯ ಮಕ್ಕಳಿಗೆ ಅನ್ನದೊಡನೆ ವಿದ್ಯೆಯನ್ನೂ ಕೊಟ್ಟರು. ಅಲ್ಲಿ ಒಂದು ಗೆಲುವಿಗೂ ಇನ್ನೊಂದು ಗೆಲುವಿಗೂ ನಡುವೆ ಮೂವತ್ತೆರಡು ವರ್ಷಗಳ ಬರಗಾಲ ಬೀಳಲಿಲ್ಲ; ಕಲಿತವರು ಕಲಿಸುತ್ತ ಹೋದರು.

ಆ ಮಹನೀಯರ ಪುಣ್ಯತಿಥಿಯನ್ನು ನಾವು ತಪ್ಪದೆ ಆಚರಿಸುತ್ತೇವೆ. ಆದರೆ ಅವರು ಸಂಗೀತಕ್ಕೆ ತೆರೆದ ಬಾಗಿಲನ್ನು ನಾವು ಶಾಲೆಗೆ, ಮೈದಾನಕ್ಕೆ, ಗರಡಿಗೆ ತೆರೆಯಲಿಲ್ಲ. ಕಣ್ಣಿಲ್ಲದವರು ಹಾಡಬೇಕು, ಕಾಲಿಲ್ಲದವರು ಕೂರಬೇಕು ಎಂದು ನಾವೇ ಒಂದು ಗೆರೆ ಎಳೆದುಕೊಂಡೆವು. ಗವಾಯಿಗಳ ಚರಿತ್ರೆಯನ್ನು ಪ್ರವಚನದಲ್ಲಿ ಭಕ್ತಿಯಿಂದ ಹೇಳುತ್ತಿದ್ದ ನಾವೇ, ಮರುದಿನ ಬೆಳಿಗ್ಗೆ ಒಬ್ಬ ತಂದೆಗೆ ಮಗನನ್ನು ಮನೆಯಲ್ಲಿಟ್ಟುಕೊಳ್ಳಿರಿ ಎಂದೆವು. ಶಾಸ್ತ್ರ ಓದಿದವರ ಬಾಯಿಂದ ಬಂದ ಮಾತು ಹಳ್ಳಿಗಳಲ್ಲಿ ಎಷ್ಟು ಭಾರವಾಗುತ್ತದೆಂಬುದನ್ನು ನಾವು ಅಂದು ತೂಗಿ ನೋಡಲಿಲ್ಲ.

ಇಂದು ಪೋಲಿಯೊ ನಮ್ಮ ದೇಶದಲ್ಲಿಲ್ಲ. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಪ್ರಮಾಣಪತ್ರವನ್ನಿತ್ತಿತು. ಆದರೆ ಹುಟ್ಟಿನಿಂದ ಬರುವ ಊನಗಳಿವೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಓಡುವ ಟ್ರ್ಯಾಕ್ಟರುಗಳಿವೆ, ರಾಶಿ ಮಾಡುವ ಯಂತ್ರಗಳಿವೆ, ಮೋಟಾರುಸೈಕಲ್ಲುಗಳಿವೆ. ಪ್ರತಿ ಊರಿನಲ್ಲಿಯೂ ಕಟ್ಟೆಯ ಮೇಲೆ ಕುಳಿತು ನೋಡುವ ಮಗು ಇನ್ನೂ ಇದೆ.

ಆದುದರಿಂದ ಗೃಹಸ್ಥರಾದ ನಮ್ಮ ಓದುಗರಲ್ಲಿ ಕೆಲವು ವಿನಂತಿಗಳು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹಿಂದೆ ಏಳು ಬಗೆಯಷ್ಟೇ ಇದ್ದ ವಿಕಲತೆಗಳ ಪಟ್ಟಿಯನ್ನು 21ಕ್ಕೆ ಹೆಚ್ಚಿಸಿದೆ. ಶಾಲೆಯಲ್ಲಿ ಎಲ್ಲ ಮಕ್ಕಳೊಡನೆ ಕಲಿಯುವ ಹಕ್ಕಿನ ಜೊತೆಗೆ ಆಟದಲ್ಲಿ ಭಾಗವಹಿಸುವ ಹಕ್ಕನ್ನೂ ಹೇಳಿದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಅಂತಹ ಮಗುವಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಿರಿ. ವಿದ್ಯಾರ್ಥಿವೇತನ, ಪ್ರಯಾಣದ ರಿಯಾಯಿತಿ, ಸಾಧನ ಸಲಕರಣೆ ಮೊದಲಾದ ಸೌಲಭ್ಯಗಳಿಗೆ ಅದೇ ಆಧಾರ. ಶಾಲೆಯ ವ್ಯಾಯಾಮ ಶಿಕ್ಷಕರನ್ನು ಕಂಡು, ಆಟದ ಅವಧಿಯಲ್ಲಿ ನಮ್ಮ ಮಗುವನ್ನು ಚಪ್ಪಲಿ ಕಾಯಲು ಕೂರಿಸಬೇಡಿರಿ, ಅದಕ್ಕೆ ಒಗ್ಗುವ ಆಟ ಕಲಿಸಿರಿ ಎಂದು ವಿನಯದಿಂದ ಕೇಳಿಕೊಳ್ಳಿರಿ. ಮಗುವಿಗೆ ದಣಿವಾದೀತೆಂದು ಅಂಜಬೇಡಿರಿ. ದಣಿಯುವುದು ಮಕ್ಕಳ ಹಕ್ಕು.

ಜಾತ್ರಾ ಸಮಿತಿಯ ಹಿರಿಯರಿಗೂ ಒಂದು ಮಾತು. ಕುಸ್ತಿಗೂ ಬಂಡಿ ಓಟಕ್ಕೂ ನೀವು ಉದಾರವಾಗಿ ಬಹುಮಾನ ಇಡುತ್ತೀರಿ. ವಿಕಲಚೇತನ ತರುಣರಿಗಾಗಿಯೂ ಒಂದು ಗುಂಡು ಎಸೆತ, ಒಂದು ಗಾಲಿಕುರ್ಚಿ ಓಟ, ಒಂದು ಭಾರವೆತ್ತುವ ಸ್ಪರ್ಧೆಯನ್ನು ಅದೇ ಕಣದಲ್ಲಿ, ಅದೇ ಜನರೆದುರು ನಡೆಸಿರಿ. ಭಾಗವಹಿಸಿದವರಿಗೆಲ್ಲ ಒಂದೊಂದು ಪಾತ್ರೆ ಹಂಚಿ ಕನಿಕರ ತೋರಿಸಬೇಡಿರಿ. ಅಳತೆ ಹಿಡಿಯಿರಿ, ಹೊತ್ತು ನೋಡಿರಿ, ಗೆದ್ದವನಿಗೆ ಗೆದ್ದನೆಂದೂ ಸೋತವನಿಗೆ ಸೋತನೆಂದೂ ಹೇಳಿರಿ. ಸೋಲುವ ಗೌರವವನ್ನು ನಾವು ಅವರಿಗೆ ಇದುವರೆಗೂ ಕೊಟ್ಟಿಲ್ಲ.

ಕೊನೆಗೆ ಒಂದು ಸಂಗತಿಯನ್ನು ತಿಳಿಸಿ ಮುಗಿಸುತ್ತೇವೆ. ಈಚೆಗೆ ಒಂದು ಮುಂಜಾನೆ ಆ ಮೋಟಾರು ದುರಸ್ತಿಯವನು ಮೂರುಗಾಲಿಯ ಸ್ಕೂಟರಿನ ಮೇಲೆ ನಮ್ಮ ಮನೆಗೆ ಬಂದನು. ಈಗ ಅವನ ಕೂದಲೂ ನರೆತಿವೆ. ಹಿಂದಿನ ಆಸನದಲ್ಲಿ ಅವನ ನೆರೆಮನೆಯ ಒಂಬತ್ತು ವರ್ಷದ ಹುಡುಗಿ. ಹುಟ್ಟಿನಿಂದ ಎಡಗೈ ಮೊಣಕೈಯವರೆಗಷ್ಟೇ ಇದೆ. ಓಟದಲ್ಲಿ ತರಗತಿಯ ಹುಡುಗರನ್ನೂ ಹಿಂದೆ ಹಾಕುತ್ತಾಳಂತೆ. ಮನೆಯವರಿಗೆ ಮಾತ್ರ ಕಳುಹಿಸಲು ಸಂಕೋಚ. "ಶಾಸ್ತ್ರಿಗಳ, ನೀವ ಬಂದು ಅವರಪ್ಪಗ ಒಂದ ಮಾತು ಹೇಳಬೇಕ್ರಿ" ಎಂದನು.

ನಾವು ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು ಅಂದೇ ಹೊರಟೆವು. ಆ ತಂದೆಯ ಎದುರು ಕುಳಿತು, ಮೂವತ್ತು ವರ್ಷಗಳ ಹಿಂದೆ ಇನ್ನೊಬ್ಬ ತಂದೆಗೆ ನಾವು ಹೇಳಿದ್ದೇನು, ಅದರಿಂದ ಆದದ್ದೇನು ಎಂಬುದನ್ನು ಮುಚ್ಚಿಡದೆ ಹೇಳಿದೆವು. ಆತನು ಬಹಳ ಹೊತ್ತು ಸುಮ್ಮನಿದ್ದು, ಆಸ್ಪತ್ರೆಗೆ ಯಾವ ವಾರ ಹೋಗಬೇಕೆಂದು ಕೇಳಿದನು. ಹುಡುಗಿ ಮುಂದೆ ಓಟಗಾರ್ತಿಯಾಗುವಳೋ, ಶಿಕ್ಷಕಿಯಾಗುವಳೋ, ಅದು ಅವಳಿಗೆ ಬಿಟ್ಟದ್ದು. ಸದ್ಯಕ್ಕೆ ಅವಳು ಕಟ್ಟೆಯಿಂದ ಕೆಳಗೆ ಇಳಿದಿದ್ದಾಳೆ.

ನಿಮ್ಮ ಊರಿನ ಕಟ್ಟೆಯ ಕಡೆಗೂ ಈ ಜಾತ್ರೆಯಲ್ಲಿ ಒಮ್ಮೆ ಕಣ್ಣು ಹಾಯಿಸಿರಿ.